ಹಸಿರು ನೀರಿನಿಂದ ಹವಳದ ಬಾಯಿಗೆ: ಮನೆಯ ರೀಫ್ ಟ್ಯಾಂಕಿಗೆ ಪ್ಲವಕ ಬೆಳೆಸುವ ಬಗೆ

ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇಟ್ಟವರ ಕೈಗೆ ಒಂದಲ್ಲ ಒಂದು ದಿನ ಹಸಿರು ನೀರಿನ ಬಾಟಲಿ ಬಂದೇ ಬರುತ್ತದೆ. ಮೇಲೆ ‘ಹವಳದ ಆಹಾರ’ ಎಂದಿರುತ್ತದೆ. ದಿನಕ್ಕೊಂದು ಮುಚ್ಚಳದಂತೆ ಸುರಿಯುತ್ತಾ ಹೋದರೆ ತಿಂಗಳಾದರೂ ಹವಳ ಇದ್ದ ಹಾಗೇ ಇರುತ್ತದೆ, ಗಾಜಿನ ಮೇಲಿನ ಪಾಚಿ ಮಾತ್ರ ದಪ್ಪಗಾಗುತ್ತದೆ. ಬಾಟಲಿಯಲ್ಲಿ ಮೋಸವೇನಿಲ್ಲ. ಮನೆಗಳಲ್ಲಿ ಸಾಕುವ ಬಹುಪಾಲು ಕಲ್ಲುಹವಳಗಳಿಗೆ ಆ ಹಸಿರು ನೇರ ಆಹಾರವಲ್ಲ, ಅಷ್ಟೇ. ಅವಕ್ಕೆ ಬೇಕಾದದ್ದು ಆ ಹಸಿರನ್ನು ತಿಂದು ಬೆಳೆಯುವ ಸಣ್ಣ ಪ್ರಾಣಿಗಳು. ನಡುವಿನ ಈ ಕೊಂಡಿಯನ್ನು ಮನೆಯಲ್ಲೇ ಬೆಳೆಸಿಕೊಳ್ಳುವುದು ಹೇಗೆ, ಬೆಳೆಸಿದ್ದನ್ನು ನೀರು ಕೆಡದ ಹಾಗೆ ಉಣಿಸುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

## ಬೆಳಕೊಂದೇ ಏಕೆ ಸಾಲದು

ಹವಳ ಒಂದು ಪ್ರಾಣಿ. ಪ್ರತಿಯೊಂದು ಹವಳದ ತುಂಡೂ ನೂರಾರು ಪಾಲಿಪ್‌ಗಳ ಗುಂಪು. ಕೆಲವು ಜಾತಿಗಳಲ್ಲಿ ಒಂದೇ ದೊಡ್ಡ ಪಾಲಿಪ್ ಇರುವುದೂ ಉಂಟು. ಪಾಲಿಪ್ ಎಂದರೆ ನಡುವೆ ಬಾಯಿ, ಸುತ್ತ ತಂತುಗಳು, ಒಳಗೆ ಹೊಟ್ಟೆಯ ಚೀಲ. ತಂತುಗಳ ತುಂಬ ಸೂಕ್ಷ್ಮವಾದ ಕುಟುಕು ಕೋಶಗಳಿವೆ. ಹಾದುಹೋಗುವ ಸಣ್ಣ ಜೀವಿ ತಾಕಿದೊಡನೆ ಅವು ಸಿಡಿದು ಅದನ್ನು ಹಿಡಿಯುತ್ತವೆ.

ಇದೇ ಪ್ರಾಣಿಯ ಅಂಗಾಂಶದ ಒಳಗೆ ಜೂಜ್ಯಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ವಾಸವಾಗಿವೆ. ಬೆಳಕಿನಲ್ಲಿ ಅವು ಸಕ್ಕರೆ ಮತ್ತು ಗ್ಲಿಸರಾಲ್‌ನಂಥ ಪದಾರ್ಥಗಳನ್ನು ತಯಾರಿಸಿ ಬಹುಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತವೆ. ಒಳ್ಳೆಯ ಬೆಳಕಿದ್ದರೆ ಹವಳದ ದಿನದ ಶಕ್ತಿಯ ದೊಡ್ಡ ಪಾಲು ಹೀಗೇ ಬರುತ್ತದೆ. ಆದರೆ ಅದು ಮುಖ್ಯವಾಗಿ ಇಂಗಾಲ. ಹೊಸ ಅಂಗಾಂಶ ಕಟ್ಟಲು, ಮೊಟ್ಟೆ ಮಾಡಲು, ಗಾಯ ಮಾಯಲು ಸಾರಜನಕ, ರಂಜಕ ಮತ್ತು ಕೆಲವು ಕೊಬ್ಬಿನಾಮ್ಲಗಳು ಬೇಕು. ಅವುಗಳ ಕೊರತೆಯನ್ನು ಹವಳ ಬೇಟೆಯಾಡಿ ತುಂಬಿಕೊಳ್ಳುತ್ತದೆ. ಆರೋಗ್ಯವಾಗಿರುವ ಹವಳಕ್ಕೆ ದಿನದ ಅಗತ್ಯದ 15ರಿಂದ 35 ಶೇಕಡಾದಷ್ಟು ಬೇಟೆಯಿಂದಲೇ ಸಿಗಬಲ್ಲದು ಎಂದು ಸಂಶೋಧನೆಗಳು ತೋರಿಸಿವೆ. ಪಾಚಿಯನ್ನು ಕಳೆದುಕೊಂಡು ಬೆಳ್ಳಗಾದ ಕೆಲವು ಜಾತಿಗಳು ಪೂರ್ತಿ ಬೇಟೆಯ ಮೇಲೆಯೇ ಬದುಕುಳಿದದ್ದೂ ದಾಖಲಾಗಿದೆ. 1928–29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ತಂಡದ ಮುಖ್ಯಸ್ಥ ಸಿ. ಎಂ. ಯಂಗ್, ಕಲ್ಲುಹವಳಗಳು ಪ್ರಾಣಿಪ್ಲವಕವನ್ನು ಹಿಡಿದು ತಿನ್ನಲೆಂದೇ ರೂಪುಗೊಂಡ ಮಾಂಸಾಹಾರಿಗಳು ಎಂದು ಆಗಲೇ ವಾದಿಸಿದ್ದರು.

ಸಮುದ್ರದಲ್ಲಿ ಈ ಬೇಟೆ ತಾನಾಗಿ ಬರುತ್ತದೆ. ಕತ್ತಲಾದ ಮೇಲೆ ಮರಳು, ಬಂಡೆಯ ಸಂದುಗಳಲ್ಲಿ ಅಡಗಿದ್ದ ಸಣ್ಣ ಪ್ರಾಣಿಗಳು ನೀರಿಗೇಳುತ್ತವೆ. ಆ ಹೊತ್ತಿಗೇ ಪಾಲಿಪ್‌ಗಳೂ ಅರಳುತ್ತವೆ. ಮನೆಯ ಟ್ಯಾಂಕಿನಲ್ಲಿ ಪಂಪು, ಫಿಲ್ಟರ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್‌ಗಳು ನೀರನ್ನು ಹಗಲಿರುಳು ಬಸಿಯುವುದರಿಂದ ಅಂಥ ಜೀವಿಗಳು ಉಳಿಯುವುದು ಕಡಿಮೆ.

## ಯಾರ ಬಾಯಿಗೆ ಯಾವ ಗಾತ್ರ

ಈಜಿ ಪ್ರವಾಹವನ್ನು ಮೀರಲಾರದೆ ನೀರಿನ ಜೊತೆ ತೇಲಿಹೋಗುವ ಜೀವಿಗಳೇ ಪ್ಲವಕಗಳು. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಪಾಚಿಗಳು ಸಸ್ಯಪ್ಲವಕ, ಹವ್ಯಾಸಿಗಳ ಬಾಯಲ್ಲಿ ‘ಫೈಟೊ’. ಅವುಗಳನ್ನು ತಿನ್ನುವ ಪ್ರಾಣಿಗಳು ಪ್ರಾಣಿಪ್ಲವಕ.

ಇಲ್ಲಿ ಗಾತ್ರವೇ ಎಲ್ಲ. ಅಳತೆ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನ್ಯಾನೊಕ್ಲೊರಾಪ್ಸಿಸ್ ಎಂಬ ಹಸಿರು ಫೈಟೊ 2ರಿಂದ 4 ಮೈಕ್ರಾನ್. ಕಂದುಬಣ್ಣದ ಐಸೊಕ್ರೈಸಿಸ್ 4ರಿಂದ 6. ನಾಲ್ಕು ಬಾಲದ ಟೆಟ್ರಾಸೆಲ್ಮಿಸ್ ಸುಮಾರು 10. ಪ್ರಾಣಿಪ್ಲವಕಗಳಲ್ಲಿ ರೋಟಿಫರ್‌ಗಳು 100ರಿಂದ 340, ಸಿಗಡಿಯ ದೂರದ ನಂಟಿನ ಕೋಪೆಪಾಡ್ ಎಂಬ ಪುಟ್ಟ ಜೀವಿಯ ಮರಿಗಳು 50ರಿಂದ 150, ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಸಿಗಡಿಯಂಥ ಜೀವಿ) 400ರಿಂದ 500 ಮೈಕ್ರಾನ್.

ಅಕ್ರೊಪೋರಾ, ಮಾಂಟಿಪೋರಾ, ಸೀರಿಯಾಟೊಪೋರಾದಂಥ ಸಣ್ಣ ಪಾಲಿಪ್‌ನ ಕಲ್ಲುಹವಳಗಳಿಗೆ ರೋಟಿಫರ್ ಮತ್ತು ಕೋಪೆಪಾಡ್ ಮರಿ ಸರಿಯಾದ ತುತ್ತು. ಯೂಫಿಲಿಯಾ, ಮೈಕ್ರೊಮುಸ್ಸಾ, ಟ್ರಾಕಿಫಿಲಿಯಾದಂಥ ದೊಡ್ಡ ಪಾಲಿಪ್‌ನವು ಆರ್ಟೀಮಿಯಾ, ಬೆಳೆದ ಕೋಪೆಪಾಡ್, ಒಂದೆರಡು ಮಿಲಿಮೀಟರಿನ ಸಿಗಡಿ ಚೂರುಗಳನ್ನೂ ನುಂಗುತ್ತವೆ. ಫೈಟೊವನ್ನು ನೇರವಾಗಿ ತಿನ್ನುವವರೂ ಇದ್ದಾರೆ: ಕಪ್ಪೆಚಿಪ್ಪು ಜಾತಿಯವು, ಸ್ಪಂಜುಗಳು, ಗರಿಹುಳುಗಳು, ಕೆಲವು ಮೃದುಹವಳಗಳು. ಡೆಂಡ್ರೊನೆಫ್ತಿಯಾ ಎಂಬ ಮೃದುಹವಳ ಸಸ್ಯಪ್ಲವಕವನ್ನು ತಿನ್ನುತ್ತದೆ ಎಂದು 1995ರಲ್ಲಿ ಕೆಂಪು ಸಮುದ್ರದ ಅಧ್ಯಯನವೊಂದು ತೋರಿಸಿತು. ನಿಮ್ಮ ಟ್ಯಾಂಕಿನಲ್ಲಿ ಇವು ಯಾವುವೂ ಇಲ್ಲದಿದ್ದರೆ ಫೈಟೊ ಬೆಳೆಸುವ ಮುಖ್ಯ ಉದ್ದೇಶ ಪ್ರಾಣಿಪ್ಲವಕವನ್ನು ಸಾಕುವುದು. ಟ್ಯಾಂಕಿಗೆ ಸುರಿಯುವುದು ಎರಡನೆಯ ಮಾತು.

## ಹಸಿರು ನೀರು ಬೆಳೆಸುವ ಕ್ರಮ

ಮೊದಲ ಸಲಕ್ಕೆ ನ್ಯಾನೊಕ್ಲೊರಾಪ್ಸಿಸ್ ಹಿಡಿಯಿರಿ. ಗಟ್ಟಿ ಜೀವ, ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಇಪಿಎ ಎಂಬ ಒಮೆಗಾ–3 ಕೊಬ್ಬಿನಾಮ್ಲ ಇದರಲ್ಲಿ ಹೇರಳ. ಡಿಎಚ್‌ಎ ಎಂಬ ಇನ್ನೊಂದು ಇಲ್ಲವೆನ್ನುವಷ್ಟು ಕಡಿಮೆ, ಅದು ಐಸೊಕ್ರೈಸಿಸ್‌ನಲ್ಲಿದೆ. ಕೈ ಕುದುರಿದ ಮೇಲೆ ಎರಡನೆಯ ಬಾಟಲಿಯಲ್ಲಿ ಅದನ್ನೂ ಬೆಳೆಸಿದರೆ ಎರಡರ ಕೊರತೆಯೂ ನೀಗುತ್ತದೆ.

ಬೇಕಾದ ಸಾಮಾನು ಕಡಿಮೆ. ಎರಡು ಲೀಟರಿನ ಪಾರದರ್ಶಕ ಬಾಟಲಿಗಳು ಎರಡು, ಏರ್ ಪಂಪ್, ಗಟ್ಟಿ ಪ್ಲಾಸ್ಟಿಕ್ ಕೊಳವೆ, ಪ್ರತಿ ಕೊಳವೆಗೂ ನೀರು ಪಂಪಿಗೆ ಹಿಮ್ಮರಳದಂತೆ ತಡೆಯುವ ಒಂದು ಚೆಕ್ ವಾಲ್ವ್, ಬಿಳಿ ಎಲ್‌ಇಡಿ ದೀಪ, ಟೈಮರ್, ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್, ಗೊಬ್ಬರ, ಮತ್ತು ಜೀವಂತ ಮೂಲ ಕಲ್ಚರ್ (ಬೀಜವಾಗಿ ಬಳಸುವ ಪಾಚಿಯ ನೀರು). ಗೊಬ್ಬರದ ಹೆಸರು ಎಫ್/2, ಗಿಲ್ಲಾರ್ಡ್ ಸೂತ್ರವೆಂದೂ ಕರೆಯುತ್ತಾರೆ. ಮೂಲ ಸೂತ್ರದಲ್ಲಿ ಲೀಟರ್ ಸಮುದ್ರದ ನೀರಿಗೆ 75 ಮಿಲಿಗ್ರಾಂ ಸೋಡಿಯಂ ನೈಟ್ರೇಟ್, 5 ಮಿಲಿಗ್ರಾಂ ಸೋಡಿಯಂ ಫಾಸ್ಫೇಟ್, ಅತ್ಯಲ್ಪ ಪ್ರಮಾಣದ ಕಬ್ಬಿಣ, ಸತು, ಮ್ಯಾಂಗನೀಸ್ ಇತ್ಯಾದಿ, ಜೊತೆಗೆ ಬಿ12, ಬಯೋಟಿನ್, ಥಯಾಮಿನ್ ಜೀವಸತ್ವಗಳಿವೆ. ಅಂಗಡಿಯ ಗೊಬ್ಬರ ಎರಡು ಬಾಟಲಿಗಳಲ್ಲಿ ಬಂದರೆ ಅವೆರಡನ್ನೂ ನೇರವಾಗಿ ಬೆರೆಸಬೇಡಿ. ಗಟ್ಟಿ ದ್ರಾವಣದಲ್ಲಿ ಫಾಸ್ಫೇಟ್ ಲೋಹಗಳ ಜೊತೆ ಸೇರಿ ಪುಡಿಯಾಗಿ ತಳ ಸೇರುತ್ತದೆ, ಪಾಚಿಗೆ ದಕ್ಕುವುದಿಲ್ಲ. ಒಂದನ್ನು ನೀರಿಗೆ ಹಾಕಿ ಕಲಕಿ, ಆಮೇಲೆ ಇನ್ನೊಂದು.

ನೀರು ಆರ್‌ಒ ಅಥವಾ ಡಿಐ (ಲವಣಗಳನ್ನು ತೆಗೆದು ಶುದ್ಧ ಮಾಡಿದ) ನೀರಿನಲ್ಲಿ ಹೊಸದಾಗಿ ಕರಗಿಸಿದ ಸಮುದ್ರದ ಉಪ್ಪಿನದಾಗಿರಲಿ. ಟ್ಯಾಂಕಿನಿಂದ ತೆಗೆದ ನೀರು ಬೇಡವೇ ಬೇಡ. ಅದರಲ್ಲಿರುವ ಒಂದೇ ಒಂದು ಕೋಪೆಪಾಡ್ ಮೊಟ್ಟೆಚೀಲ ಸಾಕು, ಎರಡು ವಾರದಲ್ಲಿ ಬಾಟಲಿ ಖಾಲಿ. ಲವಣಾಂಶ ಲೀಟರಿಗೆ 25 ಗ್ರಾಂ ಸುಮಾರು, ಸಾಪೇಕ್ಷ ಸಾಂದ್ರತೆಯಲ್ಲಿ 1.019. ಶುದ್ಧೀಕರಣಕ್ಕೆ 5 ಶೇಕಡಾ ಸೋಡಿಯಂ ಹೈಪೊಕ್ಲೋರೈಟ್ ಇರುವ, ಸುಗಂಧ ಬೆರೆಸದ ಬ್ಲೀಚ್ ಅನ್ನು ಲೀಟರಿಗೆ 1 ಮಿಲಿಲೀಟರ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆಯಿರಿ. ಕ್ಲೋರಿನ್ ಪರೀಕ್ಷಾ ಕಿಟ್‌ನಲ್ಲಿ ಸೊನ್ನೆ ಬಂದ ಮೇಲಷ್ಟೇ ಪಾಚಿ ಸೇರಿಸಬೇಕು. ವಾಸನೆ ಹೋಯಿತು ಎಂಬುದು ಪರೀಕ್ಷೆಯಲ್ಲ.

ಈಗ 1.6 ಲೀಟರ್ ಗೊಬ್ಬರದ ನೀರಿಗೆ 400 ಮಿಲಿಲೀಟರ್ ಮೂಲ ಕಲ್ಚರ್ ಸೇರಿಸಿ. ಇದಕ್ಕಿಂತ ತೆಳುವಾಗಿ ಶುರುಮಾಡಿದರೆ ಪಾಚಿ ಮೇಲುಗೈ ಪಡೆಯುವ ಮೊದಲೇ ಬೇರೆ ಸೂಕ್ಷ್ಮಜೀವಿಗಳು ಜಾಗ ಹಿಡಿಯುತ್ತವೆ. ಗಟ್ಟಿ ಕೊಳವೆ ಬಾಟಲಿಯ ತಳದವರೆಗೆ ಹೋಗಬೇಕು, ತುದಿಗೆ ಏರ್ ಸ್ಟೋನ್ ಬೇಡ. ನುಣ್ಣನೆಯ ಗುಳ್ಳೆಗಳು ನೊರೆ ಎಬ್ಬಿಸಿ ಪಾಚಿಯನ್ನು ಬಾಟಲಿಯ ಕತ್ತಿಗೆ ಅಂಟಿಸುತ್ತವೆ. ಸೆಕೆಂಡಿಗೆ ಮೂರು ನಾಲ್ಕು ದಪ್ಪ ಗುಳ್ಳೆ ಬಂದರೆ ತಳದಲ್ಲಿ ಏನೂ ಕೂರುವುದಿಲ್ಲ, ಪಾಚಿಗೆ ಬೇಕಾದ ಇಂಗಾಲದ ಡೈಆಕ್ಸೈಡೂ ಗಾಳಿಯಿಂದಲೇ ದೊರೆಯುತ್ತದೆ. ಬಾಯಿಗೆ ಹತ್ತಿ ಸಡಿಲವಾಗಿ ತುರುಕಿ. ಮುಚ್ಚಳ ಬಿಗಿಯಾದರೆ ಗಾಳಿ ಹೊರಹೋಗಲು ದಾರಿಯಿಲ್ಲದೆ ಕೊಳವೆ ಕಳಚುತ್ತದೆ.

ದೀಪ ಒಂದು ಗೇಣು ದೂರದಲ್ಲಿ, ದಿನಕ್ಕೆ 16 ಗಂಟೆ. ಉಷ್ಣತೆ 20ರಿಂದ 26 ಡಿಗ್ರಿ ಸೆಲ್ಸಿಯಸ್. 30 ದಾಟಿದರೆ ಬೆಳವಣಿಗೆ ಕುಂಟುತ್ತದೆ. ಕಿಟಕಿಯ ನೇರ ಬಿಸಿಲಿಗೆ ಇಡಬೇಡಿ. ಎರಡು ಲೀಟರ್ ನೀರು ಬಿಸಿಲಿಗೆ ಬೇಗ ಕಾಯುತ್ತದೆ.

ಮೊದಲ ಎರಡು ದಿನ ಬದಲಾವಣೆಯೇ ಕಾಣದಿರಬಹುದು. ನಾಲ್ಕನೆಯ ದಿನಕ್ಕೆ ತಿಳಿಹಸಿರು, ಏಳರಿಂದ ಹತ್ತನೆಯ ದಿನದೊಳಗೆ ಬಾಟಲಿಯ ಹಿಂದೆ ಹಿಡಿದ ಬೆರಳು ಕಾಣದಷ್ಟು ದಟ್ಟಹಸಿರು. ಕೊಯ್ಲಿಗೆ ಇದೇ ಸಮಯ. ಇನ್ನೂ ಕಾಯ್ದರೆ ಗೊಬ್ಬರ ಮುಗಿದು ಪಾಚಿ ಹಸಿಯತೊಡಗುತ್ತದೆ, ಹಳದಿಗೆ ತಿರುಗುತ್ತದೆ. ಮುಕ್ಕಾಲು ಪಾಲು ತೆಗೆದು, ಉಳಿದ ಕಾಲು ಪಾಲನ್ನು ತೊಳೆದ ಹೊಸ ಬಾಟಲಿಗೆ ಬೀಜವಾಗಿ ಹಾಕಿ ಮತ್ತೆ ಗೊಬ್ಬರದ ನೀರು ತುಂಬಿ. ತೆಗೆದದ್ದನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ದಿನಕ್ಕೊಮ್ಮೆ ಕುಲುಕಿದರೆ ಎರಡರಿಂದ ನಾಲ್ಕು ವಾರ ಜೀವಂತವಾಗಿರುತ್ತದೆ. ಫ್ರೀಜರಿನಲ್ಲಿಟ್ಟರೆ ಸಾಯುತ್ತದೆ. ತೆಗೆದ ಪ್ರತಿ ಸಲವೂ ಮೂಸಿ ನೋಡುವುದು ಒಳ್ಳೆಯ ರೂಢಿ: ಹಸಿ ಹುಲ್ಲು ಅಥವಾ ಕಡಲಿನ ವಾಸನೆಯಿದ್ದರೆ ಸರಿ, ಕೊಳೆತ ನಾತವಿದ್ದರೆ ಚೆಲ್ಲಿ.

## ಬಾಟಲಿ ಏಕೆ ಕುಸಿಯುತ್ತದೆ

ಚೆನ್ನಾಗಿದ್ದ ಹಸಿರು ಒಂದೆರಡು ದಿನದಲ್ಲಿ ತಿಳಿಯಾದರೆ ತಿನ್ನುವವರು ಒಳಗೆ ಬಂದಿದ್ದಾರೆ ಎಂದರ್ಥ. ಬಾಟಲಿಯನ್ನು ದೀಪಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಚುಕ್ಕೆಗಳು ತೇಲುತ್ತ ಉರುಳಿದರೆ ರೋಟಿಫರ್, ಚಕ್ಕನೆ ನೆಗೆದರೆ ಕೋಪೆಪಾಡ್. ಅದನ್ನು ಉಳಿಸುವ ಯತ್ನ ಬೇಡ. ಆ ಹಸಿರನ್ನು ರೋಟಿಫರ್ ಬಕೆಟ್ಟಿಗೆ ಸುರಿದು, ಬಾಟಲಿ, ಕೊಳವೆ, ವಾಲ್ವ್ ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ನೆನೆಸಿ ತೊಳೆದು ಒಣಗಿಸಿ, ಫ್ರಿಜ್ಜಿನ ಬೀಜದಿಂದ ಮತ್ತೆ ಶುರುಮಾಡಿ. ಎರಡು ಬಾಟಲಿಗಳನ್ನು ನಾಲ್ಕೈದು ದಿನಗಳ ಅಂತರದಲ್ಲಿ ನಡೆಸಬೇಕೆನ್ನುವುದು ಇದಕ್ಕೇ. ಒಂದು ಹೋದರೂ ಇನ್ನೊಂದು ಉಳಿದಿರುತ್ತದೆ.

ಪಾಚಿ ಉಂಡೆಯುಂಡೆಯಾಗಿ ತಳಕ್ಕೆ ಕೂತರೆ ಗಾಳಿ ಸಾಲದು, ಇಲ್ಲವೇ ಪಿಎಚ್ ವಿಪರೀತ ಏರಿದೆ. ದಟ್ಟವಾದ ಕಲ್ಚರ್ ಬೆಳಕಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನೆಲ್ಲ ಹೀರಿ ಪಿಎಚ್ ಅನ್ನು 9ರ ಮೇಲೆ ಒಯ್ಯಬಲ್ಲದು. ಗುಳ್ಳೆ ಹೆಚ್ಚಿಸಿ, ಬೇಗ ಕೊಯ್ಲು ಮಾಡಿ. ಕಂದು ಕಲೆ, ಜಿಡ್ಡು, ನಿಲ್ಲುವ ನೊರೆ, ದುರ್ವಾಸನೆ ಬ್ಯಾಕ್ಟೀರಿಯಾ ಹೆಚ್ಚಿದ್ದರ ಗುರುತು.

ತಡೆಯಲು ಮೂರು ಶಿಸ್ತು ಸಾಕು. ಫೈಟೊಗೆ ಬೇರೆ ಏರ್ ಪಂಪ್, ಬೇರೆ ಜರಡಿ, ಬೇರೆ ಅಳತೆ ಲೋಟ. ಕಪಾಟಿನಲ್ಲಿ ಫೈಟೊ ಮೇಲೆ, ಪ್ರಾಣಿಪ್ಲವಕ ಕೆಳಗೆ; ಸಿಡಿದ ಹನಿ ಕೆಳಗೆ ಬೀಳುತ್ತದೆಯೇ ಹೊರತು ಮೇಲೆ ಹಾರುವುದಿಲ್ಲ. ಕೆಲಸ ಯಾವಾಗಲೂ ಫೈಟೊದಿಂದ ಶುರುವಾಗಿ ರೋಟಿಫರ್‌ನಲ್ಲಿ ಮುಗಿಯಬೇಕು. ರೋಟಿಫರ್ ಮುಟ್ಟಿದ ಕೈ ಆ ದಿನ ಮತ್ತೆ ಫೈಟೊ ಮುಟ್ಟಬಾರದು.

## ರೋಟಿಫರ್: ತುಂಬಿದ ಬುತ್ತಿ

ರೋಟಿಫರ್ ತಲೆಯ ಮೇಲಿನ ರೋಮಗಳನ್ನು ಚಕ್ರದ ಹಾಗೆ ಆಡಿಸಿ ಪಾಚಿಯನ್ನು ಬಾಯಿಗೆ ಸೆಳೆದುಕೊಳ್ಳುವ ಪುಟ್ಟ ಪ್ರಾಣಿ. ಉಪ್ಪುನೀರಿನಲ್ಲಿ ಸಾಕುವುದು ಬ್ರಾಕಿಯೋನಸ್ ಕುಲದ್ದು. ಹೆಣ್ಣುಗಳು ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತವೆ. ಆಹಾರ, ಶಾಖ ಸರಿಯಿದ್ದರೆ ಒಂದೆರಡು ದಿನಕ್ಕೆ ಸಂಖ್ಯೆ ಇಮ್ಮಡಿ.

ರೋಟಿಫರ್ ಎಂದರೆ ಬುತ್ತಿ ಡಬ್ಬಿ ಎಂದುಕೊಳ್ಳಿ. ಡಬ್ಬಿಗೆ ತನ್ನದೇ ಆದ ಬೆಲೆ ಅಷ್ಟಾಗಿಲ್ಲ, ಒಳಗೆ ತುಂಬಿದ್ದಷ್ಟೇ ಹವಳಕ್ಕೆ ದಕ್ಕುವುದು. ಹಸಿದ ರೋಟಿಫರ್ ಉಣಿಸಿದರೆ ಖಾಲಿ ಡಬ್ಬಿ ಕೊಟ್ಟಂತೆ. ಆದ್ದರಿಂದ ಉಣಿಸುವ ಎರಡರಿಂದ ನಾಲ್ಕು ಗಂಟೆ ಮೊದಲು ಅವನ್ನು ತಾಜಾ ಫೈಟೊದಲ್ಲಿ ಬಿಡಬೇಕು. ನ್ಯಾನೊಕ್ಲೊರಾಪ್ಸಿಸ್ ಜೊತೆ ಸ್ವಲ್ಪ ಐಸೊಕ್ರೈಸಿಸ್ ಇದ್ದರೆ ಇನ್ನೂ ಒಳ್ಳೆಯದು. ಮೇಯಿಸಿದ ರೋಟಿಫರ್‌ನ ಮೈಯೊಳಗೆ ಹಸಿರು ಚುಕ್ಕೆ ಭೂತಗನ್ನಡಿಗೆ ಚೆನ್ನಾಗಿ ಕಾಣುತ್ತದೆ. ಹಸಿದದ್ದು ಗಾಜಿನ ಹಾಗೆ ಬರಿದು.

ಐದು ಲೀಟರಿನ ಬಕೆಟ್, 25ರಿಂದ 28 ಡಿಗ್ರಿ ಶಾಖ, ಲೀಟರಿಗೆ 20ರಿಂದ 25 ಗ್ರಾಂ ಲವಣಾಂಶ, ಸ್ಟೋನ್ ಇಲ್ಲದ ನಿಧಾನ ಗುಳ್ಳೆ. ದೀಪ ಬೇಕಿಲ್ಲ. ಮಿಲಿಲೀಟರಿಗೆ ಕನಿಷ್ಠ 10ರಿಂದ 20 ರೋಟಿಫರ್ ಇರುವಂತೆ ಶುರುಮಾಡಿ, ನೀರು ತಿಳಿಹಸಿರಾಗಿ ಕಾಣುವಷ್ಟು ಫೈಟೊ ಹಾಕಿ. ಬಣ್ಣ ಪೂರ್ತಿ ಹೋಗುವ ಮೊದಲೇ ಮತ್ತೆ ಹಾಕುತ್ತಿರಿ. ಎಣಿಕೆ ಸುಲಭ: ಪಿಪೆಟ್ಟಿನಲ್ಲಿ 1 ಮಿಲಿಲೀಟರ್ ತೆಗೆದು ಒಂದು ಹನಿ ವಿನೆಗರ್ ಹಾಕಿದರೆ ಈಜಾಟ ನಿಲ್ಲುತ್ತದೆ, ಕಪ್ಪು ಹಿನ್ನೆಲೆಯ ಮೇಲೆ ಭೂತಗನ್ನಡಿ ಹಿಡಿದು ಎಣಿಸಬಹುದು. ಹೆಣ್ಣುಗಳ ಹಿಂಬದಿಗೆ ಮೊಟ್ಟೆ ಅಂಟಿಕೊಂಡಿದ್ದರೆ ಕಲ್ಚರ್ ಸುಖವಾಗಿದೆ. ಎಣಿಕೆ ಚೆನ್ನಾಗಿದ್ದೂ ಮೊಟ್ಟೆ ಕಡಿಮೆಯಾಗಿದ್ದರೆ ಒಂದೆರಡು ದಿನದಲ್ಲಿ ಕುಸಿತ ಬರಲಿದೆ. ಸಂಖ್ಯೆಗಿಂತ ಮೊಟ್ಟೆಯನ್ನು ನಂಬಿ.

ಮಿಲಿಲೀಟರಿಗೆ 100 ದಾಟಿದ ಮೇಲೆ ದಿನಾ ಕಾಲುಭಾಗ ನೀರು ತೆಗೆದು ಅಷ್ಟೇ ಹೊಸ ಉಪ್ಪುನೀರು ತುಂಬಬೇಕು, ಆ ದಿನ ಉಣಿಸುವುದಿರಲಿ ಬಿಡಲಿ. ಇಲ್ಲಿಯೇ ಬಹಳ ಮಂದಿ ಎಡವುವುದು: ‘ಇನ್ನಷ್ಟು ಬೆಳೆಯಲಿ’ ಎಂದು ತೆಗೆಯದೆ ಬಿಟ್ಟರೆ ಅಮೋನಿಯಾ ಏರಿ ಎಲ್ಲವೂ ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಬಕೆಟ್ಟಿನಲ್ಲಿ ಒಂದು ತುಂಡು ಫಿಲ್ಟರ್ ಹತ್ತಿ ತೂಗುಬಿಟ್ಟು ದಿನಾ ಹಿಂಡಿ ತೊಳೆದರೆ ಕಸ ಅದರಲ್ಲೇ ಸಿಕ್ಕಿಕೊಳ್ಳುತ್ತದೆ.

ತೆಗೆದ ನೀರನ್ನು 53 ಮೈಕ್ರಾನ್ ಜರಡಿಯಲ್ಲಿ ಸೋಸಿ. ಜರಡಿಯ ತಳ ಸದಾ ನೀರಿನಲ್ಲಿ ಮುಳುಗಿರಲಿ, ಮೇಲೆತ್ತಿ ಸುರಿದರೆ ರೋಟಿಫರ್ ಬಲೆಗೆ ಒತ್ತಿ ಜಜ್ಜಿಹೋಗುತ್ತವೆ. ಸ್ವಚ್ಛ ಉಪ್ಪುನೀರಿನಲ್ಲಿ ತೊಳೆದು ರೋಟಿಫರ್ ಮಾತ್ರ ಟ್ಯಾಂಕಿಗೆ ಹಾಕಿ. ಸೋಸಿದ ನೀರು ಚರಂಡಿಗೆ. ಇನ್ನೊಂದು ಸೂಕ್ಷ್ಮ ಇದೆ. ಲೀಟರಿಗೆ 20 ಗ್ರಾಂ ಉಪ್ಪಿನ ನೀರಿನಿಂದ 35 ಗ್ರಾಂನ ಟ್ಯಾಂಕಿಗೆ ಒಮ್ಮೆಲೇ ಬಿದ್ದರೆ ಅವು ಈಜು ನಿಲ್ಲಿಸಿ ತಳಕ್ಕಿಳಿಯುತ್ತವೆ, ಹವಳಕ್ಕೆ ಸಿಗುವುದಿಲ್ಲ. ಮೇಯಿಸುವ ಆ ಕೆಲವು ಗಂಟೆಗಳಲ್ಲಿ ಟ್ಯಾಂಕಿನ ಲವಣಾಂಶದ ನೀರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೊಂದಿಸಿ.

## ಕೋಪೆಪಾಡ್, ಆರ್ಟೀಮಿಯಾ

ಹವಳಕ್ಕೆ ಸಮುದ್ರದಲ್ಲಿ ಸಿಗುವ ಊಟಕ್ಕೆ ಹತ್ತಿರವಾದದ್ದು ಕೋಪೆಪಾಡ್. ಡಿಎಚ್‌ಎ, ಕೇಸರಿ ಬಣ್ಣದ ಅಸ್ಟಾಕ್ಸಾಂಥಿನ್ ಎರಡೂ ಇದರಲ್ಲಿವೆ. ಬೆಳವಣಿಗೆ ಮಾತ್ರ ನಿಧಾನ: ಆರು ಮರಿ ಹಂತ, ಆಮೇಲೆ ಐದು ಎಳೆಯ ಹಂತ ದಾಟಿ ದೊಡ್ಡದಾಗಲು ಒಂದೂವರೆಯಿಂದ ಎರಡು ವಾರ ಹಿಡಿಯುತ್ತದೆ.

ಜಾತಿಯ ಆಯ್ಕೆಯಲ್ಲಿ ಹವಳದ ದೃಷ್ಟಿಯಿಂದ ಯೋಚಿಸಬೇಕು. ಟಿಸ್ಬೆ ಸುಲಭವಾಗಿ ಬೆಳೆಯುತ್ತದೆ, ಆದರೆ ಮರಿ ದೊಡ್ಡವೆಲ್ಲ ತಳ, ಗೋಡೆಗಳ ಮೇಲೆ ತೆವಳುತ್ತವೆ. ಟ್ಯಾಂಕಿನ ಕಲ್ಲುಗಳಲ್ಲಿ ನೆಲೆಸಿ ಕಸ ತಿನ್ನಲು ಅದು ಒಳ್ಳೆಯದು. ನೀರಿನಲ್ಲಿ ತೇಲಿ ಪಾಲಿಪ್‌ಗೆ ಸಿಗುವುದು ಅಪರೂಪ. ಅಪೊಸೈಕ್ಲಾಪ್ಸ್‌ನ ಮರಿಗಳು ನೀರಿನಲ್ಲಿ ಈಜುತ್ತವೆ, ಹವಳ ಉಣಿಸಲು ನನ್ನ ಸಲಹೆ ಅದು. ಟಿಗ್ರಿಯೋಪಸ್ ಒಂದು ಮಿಲಿಮೀಟರ್ ದಾಟುವ ಕೆಂಪು ಜೀವಿ, ದೊಡ್ಡ ಪಾಲಿಪ್‌ಗಳಿಗೂ ಮೀನಿಗೂ ಸರಿ.

ಹತ್ತು ಲೀಟರಿನ ಅಗಲ ಬಾಯಿಯ ಪಾತ್ರೆ, ಟ್ಯಾಂಕಿನದ್ದೇ ಲವಣಾಂಶ, 22ರಿಂದ 27 ಡಿಗ್ರಿ, ಸೆಕೆಂಡಿಗೆ ಒಂದೆರಡು ಗುಳ್ಳೆ. ಐಸೊಕ್ರೈಸಿಸ್, ಟೆಟ್ರಾಸೆಲ್ಮಿಸ್ ಇವಕ್ಕೆ ಒಗ್ಗುತ್ತವೆ. ನ್ಯಾನೊಕ್ಲೊರಾಪ್ಸಿಸ್‌ನ ಕೋಶದ ಗೋಡೆ ದಪ್ಪ, ಅದೊಂದನ್ನೇ ಕೊಟ್ಟರೆ ಬೆಳವಣಿಗೆ ಸೊರಗುತ್ತದೆ. ನೀರು ತಿಳಿಯಾದ ಮೇಲಷ್ಟೇ ಮುಂದಿನ ಊಟ. ಅತಿಯಾಗಿ ಹಾಕಿದ ಪಾಚಿ ತಳದಲ್ಲಿ ಕೊಳೆತು ಆಮ್ಲಜನಕ ತಿನ್ನುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಮೂರ್ನಾಲ್ಕು ವಾರದ ನಂತರ ಕೊಯ್ಲು: 150 ಮೈಕ್ರಾನ್ ಜರಡಿಯಲ್ಲಿ ನಿಂತ ದೊಡ್ಡವು ಪಾತ್ರೆಗೆ ವಾಪಸು, ಅದರಿಂದಿಳಿದು 53 ಮೈಕ್ರಾನ್ ಜರಡಿಯಲ್ಲಿ ನಿಂತ ಮರಿಗಳು ಹವಳಕ್ಕೆ. ರೋಟಿಫರ್ ಇದರೊಳಗೆ ಬಿದ್ದರೆ ಪಾಚಿಯನ್ನೆಲ್ಲ ಅದೇ ಕಬಳಿಸಿ ಕೋಪೆಪಾಡ್ ಅಳಿಯುತ್ತದೆ.

ಇಷ್ಟೆಲ್ಲ ಆಗದವರಿಗೆ ಆರ್ಟೀಮಿಯಾ ಇದೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು, ಹೆಚ್ಚೆಂದರೆ 2 ಗ್ರಾಂ ಒಣ ಮೊಟ್ಟೆ, ಜೋರು ಗಾಳಿ, ಬೆಳಕು, 26ರಿಂದ 28 ಡಿಗ್ರಿ. 18ರಿಂದ 24 ಗಂಟೆಯಲ್ಲಿ ಮರಿ ಹೊರಬರುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿದ್ದ ಕಡೆ ಕೆಳಗೆ ಸೇರುತ್ತವೆ. ಅಲ್ಲಿಂದ ಸೈಫನ್ ಮಾಡಿ, 120 ಮೈಕ್ರಾನ್ ಜರಡಿಯಲ್ಲಿ ತೊಳೆಯಿರಿ. ಸಿಪ್ಪೆ ಯಾರಿಗೂ ಜೀರ್ಣವಾಗುವುದಿಲ್ಲ. ಹುಟ್ಟಿದ ಮರಿ ಮೊದಲ ಹಂತದಲ್ಲಿ ಏನನ್ನೂ ತಿನ್ನದೆ ತನ್ನ ಒಡಲ ಹಳದಿಯನ್ನೇ ಕರಗಿಸುತ್ತ ಬದುಕುವುದರಿಂದ ಕೆಲವೇ ಗಂಟೆಗಳಲ್ಲಿ ಉಣಿಸಿಬಿಡಿ. ಇಲ್ಲವೇ ಎರಡನೆಯ ಹಂತಕ್ಕೆ ಬಂದ ಮೇಲೆ ಅರ್ಧ ದಿನ ಫೈಟೊ ಮೇಯಿಸಿ ಕೊಡಿ. ನಡುವಿನ ಹಸಿದ ಮರಿಯಲ್ಲಿ ಸತ್ವ ಕಡಿಮೆ.

## ಉಣಿಸುವ ಹೊತ್ತು

ದೀಪ ಆರಿ ಅರ್ಧದಿಂದ ಒಂದು ಗಂಟೆಯ ನಂತರ ಕೆಲಸ ಶುರು. ದೀಪ ಆರುವ ಮೊದಲೇ ಮೀನುಗಳಿಗೆ ಹೊಟ್ಟೆತುಂಬ ಕೊಟ್ಟಿರಿ, ಇಲ್ಲದಿದ್ದರೆ ಹವಳದ ಪಾಲು ಅವುಗಳಿಗೇ. ಸ್ಕಿಮ್ಮರ್, ಯುವಿ ದೀಪ, ಸಂಪ್‌ನಿಂದ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ನೀರು ಮೇಲೆತ್ತುವ ಪಂಪ್ ನಿಲ್ಲಿಸಿ. ಪಂಪ್ ನಿಂತಾಗ ಇಳಿಯುವ ನೀರನ್ನು ಸಂಪ್ ತಡೆದುಕೊಳ್ಳುವುದೇ ಎಂದು ಮೊದಲೇ ನೋಡಿಕೊಂಡಿರಬೇಕು. ಟ್ಯಾಂಕಿನೊಳಗೆ ನೀರು ಕಲಕುವ ವೇವ್‌ಮೇಕರ್ ಅನ್ನು ಪೂರ್ತಿ ನಿಲ್ಲಿಸಬೇಡಿ, ನಿಧಾನಕ್ಕಿಳಿಸಿ. ರಾತ್ರಿ ನೀರಿನ ಆಮ್ಲಜನಕ ಹೇಗೂ ಕಡಿಮೆ. ಅಲ್ಲದೆ ನಿಂತ ನೀರಿನಲ್ಲಿ ಆಹಾರ ತಳಕ್ಕೆ ಬೀಳುತ್ತದೆ, ರಭಸದ ನೀರಿನಲ್ಲಿ ತಂತುವಿಗೆ ತಾಗಿದ್ದೂ ಕಿತ್ತುಹೋಗುತ್ತದೆ.

ಮೊದಲು ಆಹಾರ ತೊಳೆದ ನೀರನ್ನು ಒಂದೆರಡು ಮಿಲಿಲೀಟರ್ ಬಿಡಿ. ವಾಸನೆ ಸಿಕ್ಕಿದ ಹತ್ತು ಹದಿನೈದು ನಿಮಿಷಕ್ಕೆ ತಂತುಗಳು ಹೊರಚಾಚುತ್ತವೆ. ಆಗ ರೋಟಿಫರ್, ಕೋಪೆಪಾಡ್‌ಗಳನ್ನು ನೀರಿಗೆ ಹರಡಿ. ಮಿಲಿಲೀಟರಿಗೆ 100 ರೋಟಿಫರ್ ಇರುವ ಕಲ್ಚರ್‌ನ ಒಂದು ಲೀಟರ್ ಸೋಸಿದರೆ ಒಂದು ಲಕ್ಷ ಸಿಗುತ್ತವೆ. 100 ಲೀಟರ್ ಟ್ಯಾಂಕಿನಲ್ಲಿ ಅದು ಮಿಲಿಲೀಟರಿಗೆ ಒಂದು. ಆರಂಭಕ್ಕೆ ಅದರ ಅರ್ಧ, ವಾರಕ್ಕೆ ಎರಡು ಮೂರು ಸಲ ಸಾಕು.

ದೊಡ್ಡ ಪಾಲಿಪ್‌ಗಳಿಗೆ ಪಿಪೆಟ್ಟಿನಿಂದ ನೇರವಾಗಿ ಉಣಿಸಬಹುದು. ತುದಿಯನ್ನು ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು ಮೆಲ್ಲಗೆ ಒತ್ತಿ. ಮೇಲೆ ಚಿಮ್ಮಿಸಿದರೆ ಪಾಲಿಪ್ ಮುದುಡಿಕೊಳ್ಳುತ್ತದೆ. ಮೈಕ್ರೊಮುಸ್ಸಾದಲ್ಲಿ ಮುಂದೆ ನಡೆಯುವುದನ್ನು ಕೆಂಪು ಟಾರ್ಚಿನ ಬೆಳಕಿನಲ್ಲಿ ನೋಡಬೇಕು: ಅಂಚಿನ ತಂತುಗಳು ಒಂದೊಂದಾಗಿ ಒಳಮಡಿಚಿ ತುತ್ತನ್ನು ನಡುವಿಗೆ ದಾಟಿಸುತ್ತವೆ, ಬಾಯಿ ಸೀಳಿನಂತೆ ತೆರೆಯುತ್ತದೆ, ಹತ್ತಿಪ್ಪತ್ತು ನಿಮಿಷದಲ್ಲಿ ತುತ್ತು ಒಳಗೆ. ಅಷ್ಟರೊಳಗೆ ಸಿಗಡಿ ಕದಿಯುವುದಾದರೆ ತಳ ಕತ್ತರಿಸಿದ ಬಾಟಲಿಯನ್ನು ಹವಳದ ಮೇಲೆ ಬೋರಲು ಹಾಕಿ. ಕೆಲವು ಗಂಟೆಗಳ ಮೇಲೆ ಕಂದು ಲೋಳೆಯೊಂದಿಗೆ ತುತ್ತನ್ನು ಉಗುಳಿದರೆ ಗಾತ್ರ ದೊಡ್ಡದಾಯಿತು ಎಂದರ್ಥ. ಚಿಕ್ಕದು ಮಾಡಿ, ವಾರಕ್ಕೆ ಎರಡು ಸಲ ಮೀರಬೇಡಿ.

ಒಂದು ಗಂಟೆಯ ಮೇಲೆ ಪಂಪ್, ಎರಡು ಗಂಟೆಯ ಮೇಲೆ ಸ್ಕಿಮ್ಮರ್ ತಾನಾಗಿ ಶುರುವಾಗುವಂತೆ ಟೈಮರ್ ಇಟ್ಟಿರಿ. ನೆನಪಿನ ಮೇಲೆ ಬಿಡಬೇಡಿ.

## ನೈಟ್ರೇಟ್, ಫಾಸ್ಫೇಟ್ ಲೆಕ್ಕ

ಟ್ಯಾಂಕಿಗೆ ಫೈಟೊ ಹಾಕಿದರೆ ನೈಟ್ರೇಟ್ ಇಳಿಯುತ್ತದೆ ಎಂಬ ಮಾತು ಓಡಾಡುತ್ತಿದೆ. ಲೆಕ್ಕ ಹಾಕಿ ನೋಡೋಣ. ಎಫ್/2 ನೀರಿನಲ್ಲಿ ಲೀಟರಿಗೆ ಸುಮಾರು 55 ಮಿಲಿಗ್ರಾಂ ನೈಟ್ರೇಟ್, 3.4 ಮಿಲಿಗ್ರಾಂ ಫಾಸ್ಫೇಟ್ ಇರುತ್ತವೆ. ಪಾಚಿ ಅದನ್ನು ಹೀರಿದ್ದರೂ ಅದು ಕೋಶದೊಳಗೆ ಕೂತಿದೆ, ಮಾಯವಾಗಿಲ್ಲ. ಟ್ಯಾಂಕಿನಲ್ಲಿ ಕೋಶ ಸತ್ತು ಕೊಳೆತರೆ ವಾಪಸು ನೀರಿಗೇ ಬರುತ್ತದೆ. 100 ಲೀಟರ್ ಟ್ಯಾಂಕಿಗೆ ದಿನಾ 50 ಮಿಲಿಲೀಟರ್ ಹಾಕಿದರೆ ದಿನಕ್ಕೆ 0.027 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನೈಟ್ರೇಟ್, 0.0017 ಪಿಪಿಎಂ ಫಾಸ್ಫೇಟ್. ತಿಂಗಳಿಗೆ, ಏನೂ ಹೊರಹೋಗದಿದ್ದರೆ, ನೈಟ್ರೇಟ್ 0.8, ಅದು ಗಮನಕ್ಕೂ ಬಾರದು. ಫಾಸ್ಫೇಟ್ 0.05, ಇದು ಗಮನಿಸಲೇಬೇಕಾದದ್ದು, ಏಕೆಂದರೆ ರೀಫ್ ಟ್ಯಾಂಕಿನಲ್ಲಿ ಫಾಸ್ಫೇಟ್ 0.03ರಿಂದ 0.1ರ ನಡುವೆ ಇರಬೇಕೆನ್ನುವುದು ರೂಢಿ. ಗೊಬ್ಬರವನ್ನು ಇಮ್ಮಡಿ ಹಾಕಿ ಬೆಳೆಸಿದ ಫೈಟೊ ಆದರೆ ಅಂಕಿಯೂ ಇಮ್ಮಡಿ.

ಹಾಗಾಗಿ 100 ಲೀಟರಿಗೆ ದಿನಕ್ಕೆ 10 ಮಿಲಿಲೀಟರ್‌ನಿಂದ ತೊಡಗಿ, ವಾರಕ್ಕೊಮ್ಮೆ ಪರೀಕ್ಷಿಸಿ, ಅಂಕಿ ನಿಂತಲ್ಲೇ ನಿಂತಿದ್ದರೆ ಮಾತ್ರ ಹೆಚ್ಚಿಸಿ. ವಾರದಲ್ಲಿ ಫಾಸ್ಫೇಟ್ 0.02 ಏರಿದರೆ ಅರ್ಧಕ್ಕಿಳಿಸಿ. ನೈಟ್ರೇಟ್ 5ರಿಂದ 10 ಪಿಪಿಎಂ ಇರಲಿ. ಎರಡೂ ಸೊನ್ನೆಗಿಳಿದ ಟ್ಯಾಂಕಿನಲ್ಲಿ ಹವಳ ಪೇಲವವಾಗುತ್ತದೆ, ಕಂದು ಲೋಳೆಯ ಡೈನೊಫ್ಲಾಜೆಲೇಟ್‌ಗಳು ಮರಳಿನ ಮೇಲೆ ಹಬ್ಬಲು ಅವಕಾಶವಾಗುತ್ತದೆ. ಅಂಥ ಟ್ಯಾಂಕಿಗೆ ಉಣಿಸುವುದರಿಂದ ಎರಡು ಲಾಭ. ವಾರಕ್ಕೆ 10 ಶೇಕಡಾ ನೀರು ಬದಲಿಸಿದರೆ ಕಡಿಮೆಯಾಗುವುದು ಇದ್ದದ್ದರ 10 ಶೇಕಡಾ ಮಾತ್ರ. ಉಣಿಸುವುದು ಹೆಚ್ಚಾದಂತೆ ಸ್ಕಿಮ್ಮರ್, ಸಂಪಿನ ಪಾಚಿ ಬೆಳೆಸುವ ಭಾಗ ಎರಡೂ ಬಲವಾಗಬೇಕು.

## ಬೆಳಕಿಲ್ಲದೆ ಬದುಕುವವು

ಸೂರ್ಯಹವಳ ಎಂದು ಮಾರುವ ಟ್ಯೂಬಾಸ್ಟ್ರಿಯಾ, ಬೀಸಣಿಗೆಯಂತೆ ಕವಲೊಡೆಯುವ ಬಣ್ಣದ ಕೆಲವು ಗೋರ್ಗೋನಿಯನ್‌ಗಳು, ಡೆಂಡ್ರೊನೆಫ್ತಿಯಾ ಇವುಗಳ ಮೈಯಲ್ಲಿ ಜೂಜ್ಯಾಂಥೆಲ್ಲೆ ಇಲ್ಲ. ಊಟವೊಂದೇ ಆಧಾರ. ಟ್ಯೂಬಾಸ್ಟ್ರಿಯಾವನ್ನು ಸಾಕಬಹುದು: ಪ್ರತಿ ಪಾಲಿಪ್‌ಗೂ ದಿನಾ ಅಥವಾ ದಿನ ಬಿಟ್ಟು ದಿನ ಆರ್ಟೀಮಿಯಾ, ಸಿಗಡಿ ಚೂರು ಮುಟ್ಟಿಸಬೇಕು. ಒಂದು ಪಾಲಿಪ್ ತಪ್ಪಿದರೆ ಅದು ಬೇರೆಯವುಗಳಿಗಿಂತ ಮೊದಲು ಸೊರಗಿ ಅಸ್ಥಿಯ ಅಂಚು ಕಾಣತೊಡಗುತ್ತದೆ. ಕೊಂಡಾಗ ಮುಚ್ಚಿಕೊಂಡೇ ಇದ್ದರೆ ಪ್ರತಿ ಸಂಜೆ ಒಂದೇ ಹೊತ್ತಿಗೆ ಆಹಾರದ ನೀರು ಬಿಡುತ್ತ ಹೋಗಿ, ಆ ಹೊತ್ತಿಗೆ ಅರಳುವುದನ್ನು ಅದು ಕಲಿಯುತ್ತದೆ. ಡೆಂಡ್ರೊನೆಫ್ತಿಯಾದ ಮಾತು ಬೇರೆ. ಅದಕ್ಕೆ ಸಣ್ಣ ಪ್ಲವಕ ಹಗಲೂ ರಾತ್ರಿ ಬರುತ್ತಲೇ ಇರಬೇಕು. ಫ್ರಿಜ್ಜಿನಿಂದ ಡೋಸಿಂಗ್ ಪಂಪ್ ಮೂಲಕ ಹನಿಯುವ ಫೈಟೊ, ಆ ಹೊರೆಯನ್ನು ತಾಳುವ ಫಿಲ್ಟರ್ ವ್ಯವಸ್ಥೆ, ನಿರಂತರ ನಡೆಯುವ ಎರಡು ಮೂರು ಕಲ್ಚರ್‌ಗಳು ಮೊದಲೇ ಸಿದ್ಧವಿಲ್ಲದಿದ್ದರೆ ಅದನ್ನು ಕೊಳ್ಳಬೇಡಿ. ಎಷ್ಟೇ ಚೆಂದ ಕಂಡರೂ ಸಾಮಾನ್ಯ ರೀಫ್ ಟ್ಯಾಂಕಿನಲ್ಲಿ ಅದು ಕೆಲವೇ ವಾರಗಳಲ್ಲಿ ಕುಗ್ಗುತ್ತಾ ಹೋಗುತ್ತದೆ.